ಬ್ಯಾಟಿಗೆ ಹಚ್ಚಿದ ಮೀನೆಣ್ಣೆ

ಆಗ ನಮ್ಮ ಮನೆಯಲ್ಲಿದ್ದದ್ದು ಒಂದೇ ಬಟನ್ ಫೋನು. ಅದರಲ್ಲಿ ಫೋಟೊ ತೆಗೆಯಲು ಬರುತ್ತಿರಲಿಲ್ಲ. ಏನನ್ನಾದರೂ ಉಳಿಸಿಕೊಳ್ಳಬೇಕೆಂದರೆ ಬರೆದಿಡಬೇಕು, ಇಲ್ಲವೇ ಒಣಗಿಸಿಡಬೇಕು. ಮೇ ತಿಂಗಳು ಬಂತೆಂದರೆ ಬಾಡ ಊರಿನ ನಮ್ಮ ಕೇರಿಯ ಅಂಗಳಗಳಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಮೀನು, ಮುರುಗಲ ಸಿಪ್ಪೆ, ಹಪ್ಪಳ, ಬಲೆ, ಎಲ್ಲವೂ ಬಿಸಿಲಿನಲ್ಲಿ. ಐದನೇ ತರಗತಿ ಮುಗಿಸಿದ್ದ ನಾನು ಯಾವ ದಿನ ಯಾರ ಅಂಗಳದಲ್ಲಿ ಎಷ್ಟು ಚಾಪೆ ಹಾಸಿತ್ತು ಎಂಬುದನ್ನೂ ಡೈರಿಯಲ್ಲಿ ಬರೆಯುತ್ತಿದ್ದೆ.

ಅದೇ ಡೈರಿಯಲ್ಲಿ ಪ್ರತಿ ಭಾನುವಾರ ಇನ್ನೊಂದು ಎಣಿಕೆ ಇತ್ತು. ಅಪ್ಪನ ತಂಡ ಹೊನ್ನಾವರದಲ್ಲಿ ಭಟ್ಕಳದವರನ್ನು ಸೋಲಿಸಿ ಗೆದ್ದ ಬ್ಯಾಟು ನಮ್ಮ ಕಿಟಕಿಯ ಪಕ್ಕ ನೇತಾಡುತ್ತಿತ್ತು. ಅದರ ಮೇಲೆ ಮಾರ್ಕರಿನಲ್ಲಿ ಹನ್ನೊಂದು ಸಹಿ. ಗೆದ್ದ ಮರುವರ್ಷ ಅಪ್ಪನ ತಂಡದ ಬೌಲರ್ ಮಾದೇವಣ್ಣ ದೋಣಿ ಮಗುಚಿ ಹೋಗಿಬಿಟ್ಟ. ಅವನ ಅಮ್ಮ ನಾಗಮ್ಮಜ್ಜಿ ಕುಮಟೆ ಪೇಟೆಯಲ್ಲಿ ಮೀನು ಮಾರಿ, ಖಾಲಿ ಬುಟ್ಟಿ ಹೊತ್ತು ಬರುವಾಗ ದಿನಾ ನಮ್ಮ ಮನೆಗೆ ಹಾಯುತ್ತಿದ್ದಳು. ಓದು ಬಾರದಿದ್ದರೂ ಮಗನ ಹೆಸರು ಯಾವುದೆಂದು ಅವಳಿಗೆ ಗೊತ್ತಿತ್ತು. ಕೊನೆಯ ಅಕ್ಷರಕ್ಕೆ ಅವನು ಉದ್ದ ಬಾಲ ಎಳೆದಿದ್ದ. ಆ ಬಾಲದ ಮೇಲೆ ಒಮ್ಮೆ ಬೆರಳಾಡಿಸಿ, ನೀರು ಕುಡಿದು, ‘ಬತ್ತೆ’ ಎಂದು ಹೊರಡುವಳು.

ಬೆರಳು ತಾಗಿ ತಾಗಿ, ಕಿಟಕಿಯ ಬಿಸಿಲು ಬಿದ್ದು, ಆ ಸಹಿ ಮಾಸುತ್ತಿತ್ತು. ಭಾನುವಾರ ನಾನು ಎಣಿಸುತ್ತಿದ್ದದ್ದು ಅದರಲ್ಲಿ ಉಳಿದದ್ದನ್ನೇ: ಮೊದಲು ಮೂರು ಅಕ್ಷರ, ಒಂದು ಬಾಲ. ಯುಗಾದಿಯ ಹೊತ್ತಿಗೆ ‘ಮಾ’ ಮಸುಕಾಯಿತು. ಮೇ ಎರಡನೇ ಭಾನುವಾರ ಸರಿಯಾಗಿ ಕಂಡದ್ದು ಒಂದೂವರೆ ಅಕ್ಷರ ಮತ್ತು ಬಾಲ. ಮಳೆ ಬಂದು ಬೂಷ್ಟು ಹಿಡಿದರೆ ಅದೂ ಹೋಗುತ್ತದೆಂದು ನನಗೆ ಹೆದರಿಕೆ.

ಆ ವಾರ ಅಜ್ಜ ದೋಣಿಯನ್ನು ದಡಕ್ಕೆಳೆದು ಮೀನೆಣ್ಣೆ ಹಚ್ಚುತ್ತಿದ್ದ. ಇಡೀ ಕೇರಿಗೆ ಅದರ ನಾತ.

“ಅಜ್ಜಾ, ಎಣ್ಣೆ ಹಚ್ಚಿದ್ರೆ ಮರ ಹಾಳಾಗೂದಿಲ್ವಾ?”

“ಈ ದೋಣಿ ನನ್ನ ಮದುವೆಗಿಂತ ಹಿಂದಿಂದು. ನಿನ್ನ ಅಜ್ಜಿಗಿಂತ ಗಟ್ಟಿ ಅದೆ ನೋಡು.”

“ನಂಗೂ ವರ್ಷ ವರ್ಷ ಎಣ್ಣೆ ಹಚ್ಚಿದ್ರೆ ನಾನೂ ಗಟ್ಟಿ ಇರ್ತಿದ್ದೆ,” ಎಂದಳು ಅಜ್ಜಿ ಒಳಗಿನಿಂದ.

ಬ್ಯಾಟೂ ಮರವೇ ಅಲ್ಲವೇ? ಮರುದಿನ ಬೆಳಿಗ್ಗೆ ಕರಟದಲ್ಲಿ ಎಣ್ಣೆ ತಂದು, ಬಟ್ಟೆ ಅದ್ದಿ, ಅಜ್ಜ ಮಾಡುವಂತೆಯೇ ಒತ್ತಿ ಒತ್ತಿ ಉಜ್ಜಿದೆ. ಬಟ್ಟೆ ನೇರಳೆಯಾಯಿತು. ನೋಡುನೋಡುತ್ತಿದ್ದಂತೆ ಹನ್ನೊಂದೂ ಹೆಸರು ಒಂದಕ್ಕೊಂದು ಕಲಸಿ ಹೋದವು.

ಹನ್ನೊಂದು ಗಂಟೆಗೆ ನಾಗಮ್ಮಜ್ಜಿ ಬಂದಳು. ಬೆರಳು ಬ್ಯಾಟಿನ ಮೇಲೆ ಹುಡುಕಿತು.

“ಎಲ್ಲಿ ತಂಗೀ?”

“ನಾನೇ ಅಳಿಸ್ಬಿಟ್ಟೆ ಅಜ್ಜಿ. ದೋಣಿಗೆ ಹಚ್ಚೂ ಎಣ್ಣೆ ಹಚ್ಚಿದೆ. ಉಳೀಲಿ ಅಂತ.”

ಅವಳು ಬುಟ್ಟಿ ಇಳಿಸಿ ಅಲ್ಲೇ ಕೂತಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ನನ್ನ ಕೈ ಎಳೆದುಕೊಂಡು ತನ್ನ ಸೆರಗಿನಿಂದ ಒಂದೊಂದೇ ಬೆರಳು ಒರೆಸಿದಳು.

“ಸೋಪು ಹಾಕಿ ತೊಳ್ಕೊ. ಈ ನಾತ ಊಟಕ್ಕೆ ಕೂತ್ರೂ ಬಿಡೂದಿಲ್ಲ.”

ಅಪ್ಪ ಬ್ಯಾಟನ್ನು ಸೋಪಿನಲ್ಲಿ ತಿಕ್ಕಿ, ನಾಲ್ಕು ದಿನ ಒಣಗಿಸಿ, ಭಾನುವಾರ ತಂಡದವರನ್ನೂ ನಾಗಮ್ಮಜ್ಜಿಯನ್ನೂ ಕರೆದ. ಅಮ್ಮ ಅವಲಕ್ಕಿ ಕಲಸಿದಳು. ಅಪ್ಪನೂ ಸೇರಿ ಹತ್ತು ಜನ ಹೊಸದಾಗಿ ಸಹಿ ಹಾಕಿದರು. “ಮದುವೆ ಆದ್ಮೇಲೆ ನನ್ನ ಸೈನೂ ಸಣ್ಣಾಗೋಯ್ತಲ್ಲ ಮಾರಾಯಾ,” ಎಂದು ಒಬ್ಬರು ಎಲ್ಲರನ್ನೂ ನಗಿಸಿದರು. ನಾಗಮ್ಮಜ್ಜಿಯೂ ನಕ್ಕಳು.

ಮೇಲ್ಗಡೆ, ಹಿಡಿಕೆಯ ಕೆಳಗೆ, ಮಾದೇವಣ್ಣನ ಜಾಗ ಉಳಿದಿತ್ತು.

“ಅಂವಂದು ನಾನು ಹಾಕ್ತೆ ಅಮ್ಮಾ,” ಎಂದ ಅಪ್ಪ ನಾಗಮ್ಮಜ್ಜಿಗೆ. “ಆ ಬಾಲ ಸಮೇತ ನಂಗೆ ಬರ್ತದೆ.”

“ಬೇಡ ಮಗಾ. ನೀ ಬರ್ದ್ರೆ ಅದು ನಿಂದೇ ಆಗ್ತದೆ. ಜಾಗ ಹಾಂಗೇ ಇರ್ಲಿ.”

ಅಪ್ಪ ಮಾರ್ಕರಿಗೆ ಮುಚ್ಚಳ ಹಾಕಿದ.

ಆ ಮಳೆಗಾಲವಿಡೀ ಅವಳು ಬಂದಳು. ಜೂನ್‌ನಿಂದ ಆಗಸ್ಟ್‌ವರೆಗೆ ಅರವತ್ತೆರಡು ಸಲ ಎಂದು ನನ್ನ ಡೈರಿ ಹೇಳುತ್ತದೆ. ಪ್ರತಿ ಸಲವೂ ಏನೂ ಇಲ್ಲದ ಆ ಜಾಗದಲ್ಲಿ ಬೆರಳಿಟ್ಟು, ಬಾಲ ಇದ್ದಷ್ಟೇ ಉದ್ದ ಎಳೆಯುತ್ತಿದ್ದಳು.

ಈಗ ನನಗೆ ಇದೆಲ್ಲ ತಿಳಿದಿದೆ. ಸಹಿಯ ಮೇಲೆ ಬಿಸಿಲು ಬೀಳಬಾರದು, ಎಣ್ಣೆ ತಾಗಬಾರದು, ಬರಿಗೈಯಲ್ಲಿ ಮುಟ್ಟಲೇಬಾರದು. ಬ್ಯಾಟನ್ನು ಕಿಟಕಿಯಿಂದ ತೆಗೆದು, ಹತ್ತಿ ಬಟ್ಟೆಯಲ್ಲಿ ಸುತ್ತಿ ಕಪಾಟಿನೊಳಗೆ ಇಟ್ಟಿದ್ದೇನೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಬಿಚ್ಚಿ ನೋಡಿ ಬರೆದಿಡುತ್ತೇನೆ. ನಾಗಮ್ಮಜ್ಜಿ ತೀರಿಕೊಂಡು ಆರು ಮಳೆಗಾಲವಾಯಿತು. ಹತ್ತೂ ಸಹಿ ನಿನ್ನೆ ಹಾಕಿದಂತಿವೆ. ಅವುಗಳನ್ನು ಮುಟ್ಟಲು ಯಾರೂ ಬರುವುದಿಲ್ಲ.