ಹಾಡುವವರ ಕೈ: ಡಿಂಪ್ನಾ ಫೋಲನ್ ಅವರ ಕಾವಲಿನ ವರ್ಷಗಳು

ಸಾಂಪ್ರದಾಯಿಕ ಸಂಗೀತದ ಲೋಕದಲ್ಲಿ ಹಾಡಿದವರಿಗೆ ಹೆಸರಿದೆ, ನುಡಿಸಿದವರಿಗೆ ಬಹುಮಾನವಿದೆ, ಊರೂರು ತಿರುಗಿ ಹಾಡು ಸಂಗ್ರಹಿಸಿದವರಿಗೆ ವಿಶ್ವವಿದ್ಯಾಲಯಗಳ ಗೌರವವಿದೆ. ಆದರೆ ಆ ಹಾಡನ್ನು ಕಲಿಯಲು ಬಂದ ಮಗು ಬಂದ ಹಾಗೆಯೇ ಮನೆಗೆ ಮರಳಿತೇ ಎಂದು ನೋಡಿಕೊಂಡವರಿಗೆ ಈ ಲೋಕ ಇನ್ನೂ ಒಂದು ಸರಿಯಾದ ಸ್ಥಾನ ಕೊಟ್ಟಿಲ್ಲ. ಐರ್ಲೆಂಡಿನ ಗಾಲ್ವೇ ಸೀಮೆಯ ಪಶ್ಚಿಮ ಕರಾವಳಿಯಲ್ಲಿರುವ, ನಮ್ಮ ಸಂಗೀತ ಸಂಘದ ಕಿಲ್‌ಬ್ರೀನ್ ಶಾಖೆಯಲ್ಲಿ ಮಕ್ಕಳ ರಕ್ಷಣೆಯ ಹೊಣೆಯಿಂದ ಈ ವಸಂತದಲ್ಲಿ ನಿವೃತ್ತರಾಗುತ್ತಿರುವ ಶ್ರೀಮತಿ ಡಿಂಪ್ನಾ ಫೋಲನ್ ಅವರು ಆ ಕೆಲಸವನ್ನು ಇಪ್ಪತ್ತು ವರ್ಷಕ್ಕೂ ಮಿಕ್ಕಿ, ಸಂಬಳವಿಲ್ಲದೆ, ಬಹುಪಾಲು ಮೆಚ್ಚುಗೆಯೂ ಇಲ್ಲದೆ ಮಾಡಿದವರು. ನೆಮ್ಮದಿಯಿಂದ ಮಾಡಿದರು ಎಂದು ಬರೆದರೆ ಅವರೇ ಈ ಪುಟವನ್ನು ಹರಿದುಹಾಕಿಯಾರು.

ಅವರು ಮೂಲತಃ ಕನ್ಸರ್ಟೀನಾ ಎಂಬ ಪುಟ್ಟ ತಿದಿವಾದ್ಯದ ವಾದಕಿ. ಸೋದರತ್ತೆಯ ಅಡುಗೆಮನೆಯಲ್ಲಿ, ಒಲೆಯ ಪಕ್ಕದ ಬೆಂಚಿನ ಮೇಲೆ ಕೂತು, ಬರಹದ ಹಂಗಿಲ್ಲದೆ ಕಿವಿಯಿಂದಲೇ ಕಲಿತವರು. ಹಗಲು ಊರ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿ, ಮಂಗಳವಾರ ಸಂಜೆ ಅದೇ ಕೊಠಡಿಗಳಲ್ಲಿ ಶಾಖೆಯ ಮಕ್ಕಳಿಗೆ ಕನ್ಸರ್ಟೀನಾ ಕಲಿಸುತ್ತಿದ್ದರು. ಪ್ರತಿ ಶಾಖೆಯೂ ಮಕ್ಕಳ ರಕ್ಷಣೆಗೆ ಒಬ್ಬರನ್ನು ನೇಮಿಸಲೇಬೇಕೆಂದು ಕೇಂದ್ರ ಕಚೇರಿ ಆಜ್ಞೆ ಹೊರಡಿಸಿದ ವರ್ಷ ವಾರ್ಷಿಕ ಸಭೆಯಲ್ಲಿ ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ನೋಡುತ್ತ ಕೂತಿದ್ದರು. ಚಹಾಕ್ಕೆ ನೀರು ತುಂಬಿಸಲು ಹೊರಗೆ ಹೋದ ಡಿಂಪ್ನಾ ಅವರು ಕೆಟಲ್ ಹಿಡಿದು ಒಳಗೆ ಬರುವಷ್ಟರಲ್ಲಿ ಅವಿರೋಧವಾಗಿ ಆಯ್ಕೆಯಾಗಿದ್ದರು.

"ಎದ್ದು ಹೋದೋರ ತಲೆ ಮೇಲೆ ಕೆಲಸ, ಡಿಂಪ್ನಾ. ನಮ್ಮ ಕಮಿಟಿ ಹುಟ್ಟಿದಾಗಿಂದ ಹೀಗೇ," ಎಂದರು ಅಧ್ಯಕ್ಷ ಫಿಂಟನ್ ಲೈಡನ್. "ಏನಿಲ್ಲ, ಒಂದು ಸಹಿ ಅಷ್ಟೇ."

ಸಹಿಯಷ್ಟೇ ಎಂದು ನಂಬುವ ಸ್ವಭಾವ ಡಿಂಪ್ನಾ ಅವರದಾಗಿರಲಿಲ್ಲ. ಕೊಠಡಿಗಳ ಬಾಗಿಲು ತೆರೆದಿರಬೇಕು, ಪ್ರತಿ ಕೊಠಡಿಯಲ್ಲೂ ಇಬ್ಬರು ದೊಡ್ಡವರಿರಬೇಕು, ಯಾರೂ ಒಂಟಿ ಮಗುವನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಬಾರದು ಎಂದು ಅವರು ಹೇಳಿದಾಗ ಶಾಖೆ ಮೊದಲು ನಕ್ಕಿತು, ಆಮೇಲೆ ಮುನಿಸಿಕೊಂಡಿತು. ಫಿಡಲ್ ತರಗತಿಗೆ ಅಕಾರ್ಡಿಯನ್ನಿನ ಗದ್ದಲ ನುಗ್ಗಿತು, ಅಕಾರ್ಡಿಯನ್ನಿಗೆ ಕೊಳಲಿನ ಕಿರುಚಾಟ ನುಗ್ಗಿತು, ಎಲ್ಲಕ್ಕೂ ಸಮುದ್ರದ ಗಾಳಿ ನುಗ್ಗಿತು. ಫಿಡಲ್ ಕಲಿಸುವ ಮಾರ್ಟಿನ್ ಕಾರಿಡಾರಿನಲ್ಲೇ ಅಡ್ಡಗಟ್ಟಿದರು.

"ಈ ಚಳಿಗಾಳಿಗೆ ಫಿಡಲ್ ಶ್ರುತಿ ನಿಲ್ಲಲ್ಲ ಕಣೇ. ನಾವೆಲ್ಲ ಕಳ್ಳರು ಅಂತ ನಿನ್ನ ಲೆಕ್ಕಾನಾ?"

"ನಿನ್ನ ಫಿಡಲ್ ಬಾಗಿಲು ಹಾಕಿದ್ದಾಗ್ಲೂ ಶ್ರುತಿಯಲ್ಲಿರ್ಲಿಲ್ಲ, ಮಾರ್ಟಿನ್. ಕೋಟು ಹಾಕ್ಕೊಂಡು ಕಲಿಸು."

ನಿಯಮದಿಂದ ಡಿಂಪ್ನಾ ಅವರು ತಮಗೂ ವಿನಾಯಿತಿ ಕೊಟ್ಟುಕೊಳ್ಳಲಿಲ್ಲ. ಒಮ್ಮೆ ಪಾಠ ಮುಗಿದ ಮೇಲೆ ಪುಟ್ಟ ಹುಡುಗನೊಬ್ಬನನ್ನು ಕರೆದೊಯ್ಯಲು ಯಾರೂ ಬರಲಿಲ್ಲ. ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಉಳಿದಿದ್ದ ದೊಡ್ಡವರು ಅವರೊಬ್ಬರೇ. ಪಕ್ಕದಲ್ಲೇ ಅವರ ಬೆಚ್ಚಗಿನ ಕಾರು ನಿಂತಿತ್ತು. ಅವರು ಮಗುವನ್ನು ಕಾರಿಗೆ ಹತ್ತಿಸದೆ, ಎದುರಿನ ಚಿಪ್ಸ್ ಅಂಗಡಿಯ ಬೆಳಕಿಗೆ ಕಾಣುವಂತೆ ಬೀದಿಯಲ್ಲಿ ನಿಂತು, ಒಂದೇ ಕೊಡೆಯನ್ನು ಅವನ ಮೇಲೆ ಹಿಡಿದು ತಾವು ತೊಯ್ದರು. ಹುಡುಗನ ಹಲ್ಲು ಕಟಕಟ ಎನ್ನುತ್ತಿತ್ತು. ತಂದೆ ಬಂದವನೇ, "ಕಾರು ಪೂಜೆ ಮಾಡೋಕೆ ಇಟ್ಕೊಂಡಿದೀರಾ?" ಎಂದು ರೇಗಿದ. ಅವನ ಮಾತಿನಲ್ಲಿ ನ್ಯಾಯವಿದೆ ಎಂದು ಅವರಿಗೂ ಅನ್ನಿಸಿತು. ಮಗುವನ್ನು ಕಾಪಾಡಿದೆನೋ, ನಿಯಮವನ್ನು ಕಾಪಾಡಿದೆನೋ ಎಂಬ ಅನುಮಾನ ಮನೆಗೆ ಬಂದು ತಲೆ ಒರೆಸಿಕೊಳ್ಳುವಾಗಲೂ ಅವರನ್ನು ಬಿಡಲಿಲ್ಲ. ಮುಂದಿನ ವಾರದಿಂದ, ಕೊನೆಯ ಮಗು ಹೋಗುವ ತನಕ ಇಬ್ಬರು ದೊಡ್ಡವರು ಒಳಗೆ ಉಳಿಯುವ ಸರದಿ ಶುರುವಾಯಿತು. ಅನುಮಾನ ಮಾತ್ರ ಉಳಿಯಿತು.

ಇನ್ನು, ಬರೆಯದೆ ಬಿಟ್ಟರೆ ಈ ಲೇಖನಕ್ಕೆ ಅರ್ಥವೇ ಇಲ್ಲದ ಆ ಭಾನುವಾರಗಳ ವಿಷಯ.

ನಮ್ಮ ಕಡೆಯ ಹಳೆಯ ಧಾಟಿಯ ಹಾಡಿಗೆ ಪಕ್ಕವಾದ್ಯವಿಲ್ಲ. ಹಾಡುವವರು ಕಣ್ಣು ಮುಚ್ಚಿ ಐರಿಷ್ ಭಾಷೆಯ ನುಡಿಗಳನ್ನು, ಎಂದರೆ ಚರಣಗಳನ್ನು, ಒಂದೊಂದಾಗಿ ಬಿಡಿಸುತ್ತಾರೆ. ಕೇಳುವವರಲ್ಲಿ ಒಬ್ಬರು ಅವರ ಕೈ ಹಿಡಿದು, ಬಾವಿಯ ರಾಟೆ ತಿರುಗಿಸಿದಂತೆ ನಿಧಾನವಾಗಿ ತಿರುಗಿಸುತ್ತಾರೆ. ಅದು ಗೌರವ, ಅದು ಧೈರ್ಯ. ಹಿಡಿಯಲೇ ಎಂದು ಯಾರೂ ಕೇಳುವುದಿಲ್ಲ. ಕೇಳಿದರೆ ಹಾಡು ಮುರಿಯುತ್ತದೆ ಎಂಬುದು ನಂಬಿಕೆ. ಈ ಪದ್ಧತಿಯ ಬೆಲೆ ಡಿಂಪ್ನಾ ಅವರಿಗೆ ಗೊತ್ತಿತ್ತು. ತಾಯಿ ತೀರಿಕೊಂಡಾಗ ಗೋರಿಯ ಬಳಿ ಹಾಡಲು ನಿಂತು ಎರಡನೆಯ ನುಡಿಗೇ ಹಾಡು ನಿಂತುಹೋದಾಗ, ಅವರ ಕೈ ಹಿಡಿದು ಹಾಡನ್ನು ದಡ ಮುಟ್ಟಿಸಿದವರು ಸೀಮೆಗೇ ಹಿರಿಯ ಗಾಯಕರಾದ ಕೋಲ್ಮನ್ ಕನೀಲಿ.

ಅದೇ ಕೋಲ್ಮನ್, ಶಾಖೆ ತಿಂಗಳಿಗೊಮ್ಮೆ ಭಾನುವಾರ ನಡೆಸುವ ಹಾಡುಗಾರಿಕೆಯಲ್ಲಿ, ಗ್ರಾನ್ಯ ಮ್ಯಾನಿಯನ್ ಎಂಬ ಹನ್ನೊಂದರ ಹುಡುಗಿಯ ಪಕ್ಕ ಕೂರುತ್ತಿದ್ದರು. ಅವಳ ಹಾಡುಗಳೆಲ್ಲ ಅವರು ಕಲಿಸಿದವು. ಮೊದಲ ಸಲ ಅವರು ಅವಳ ಕೈ ಹಿಡಿದಾಗ ಸಭೆಯೇ ಪುಳಕಗೊಂಡಿತ್ತು. "ಎಂಥ ಪುಣ್ಯವಂತೆ ನೀನು!" ಎಂದು ಬೆನ್ನು ತಟ್ಟಿದವರಲ್ಲಿ ಡಿಂಪ್ನಾ ಅವರೂ ಒಬ್ಬರು.

ಚಳಿಗಾಲ ಬರುವ ಹೊತ್ತಿಗೆ ಹುಡುಗಿಯ ಹಾಡು ಕುಗ್ಗತೊಡಗಿತು. ಏಳು ನುಡಿಯ ಹಾಡು ಐದಕ್ಕಿಳಿಯಿತು, ಮುಂದಿನ ತಿಂಗಳು ಮೂರಕ್ಕೆ. ಮರೆವು ಎಂದರು ಕೆಲವರು. ಮಗು ಎಷ್ಟು ವಿನಯವಂತೆ, ದೊಡ್ಡವರೆದುರು ಹೆಚ್ಚು ಹಾಡುವುದಿಲ್ಲ ಎಂದರು ಹಲವರು. ಮೌನವನ್ನು ಮರ್ಯಾದೆ ಎಂದು ಓದುವುದು ನಮ್ಮ ಜನರ ಹಳೆಯ ರೂಢಿ. ಆದರೆ ಒಂದು ಭಾನುವಾರ ಚಹಾದ ಹೊತ್ತಿನಲ್ಲಿ, ಸಿಂಕಿನ ಬಳಿ ಕಪ್ಪು ತೊಳೆಯುತ್ತ ಗ್ರಾನ್ಯ ಅದೇ ಹಾಡನ್ನು ತನ್ನ ಪಾಡಿಗೆ ಹಾಡಿಕೊಳ್ಳುತ್ತಿದ್ದುದು ಡಿಂಪ್ನಾ ಅವರ ಕಿವಿಗೆ ಬಿತ್ತು. ಏಳೂ ನುಡಿಗಳಿದ್ದವು. ಅವರು ಬಟ್ಟೆ ತೆಗೆದುಕೊಂಡು ಕಪ್ಪು ಒರೆಸಲು ನಿಂತರು. ಬಾಗಿಲು ತೆರೆದೇ ಇತ್ತು.

"ಎಲ್ಲಾ ನುಡೀನೂ ಬರುತ್ತಲ್ಲೇ ನಿಂಗೆ. ಆಚೆ ಯಾಕೆ ಅರ್ಧಕ್ಕೇ ಬಿಟ್ಟೆ?"

"ಅಷ್ಟು ಹೊತ್ತು ಆಗಲ್ಲ, ಮಿಸ್."

"ಉಸಿರು ಸಾಲಲ್ವಾ?"

ಹುಡುಗಿ ಕಪ್ಪೊಂದನ್ನು ಮತ್ತೆ ಮತ್ತೆ ತೊಳೆದಳು. ಡಿಂಪ್ನಾ ಅವರು ಕಾದರು. ಒಳ್ಳೆಯ ಶಿಕ್ಷಕಿಗೂ ಆ ಕಾಯುವಿಕೆ ಸುಲಭದ್ದಲ್ಲ. ನಾಲಿಗೆಯ ತುದಿಗೆ ಬಂದ ಸಮಾಧಾನದ ಮಾತುಗಳನ್ನೆಲ್ಲ ನುಂಗಬೇಕು.

"ಕೈ," ಎಂದಳು ಗ್ರಾನ್ಯ. ಆಮೇಲೆ, "ಎಳ್ಕೊಂಡ್ರೂ ಬಿಡಲ್ಲ ಅವ್ರು. ಎಲ್ರೂ ನೋಡ್ತಿರ್ತಾರಲ್ಲ, ಹೆಂಗೆ ಬೇಡ ಅನ್ಲಿ? ಬೇಗ ಮುಗಿಸಿದ್ರೆ ಬೇಗ ಬಿಡ್ತಾರೆ." ಸ್ವಲ್ಪ ತಡೆದು ಕೇಳಿದಳು: "ಯಾರ್ಗೂ ಹೇಳಲ್ಲ ತಾನೇ?"

"ಹೇಳಲ್ಲ ಅಂತ ಮಾತು ಕೊಡೋಕೆ ಆಗಲ್ಲ ಪುಟ್ಟಾ. ಆದ್ರೆ ಯಾರಿಗೆ ಹೇಳ್ತೀನಿ ಅಂತ ಮೊದ್ಲು ನಿಂಗೇ ಹೇಳ್ತೀನಿ. ನಿಮ್ಮಮ್ಮಂಗೆ. ಆಮೇಲೆ ಇಂಥದ್ದನ್ನ ಕೇಳೋದೇ ಕೆಲಸ ಆಗಿರೋರಿಗೆ. ನೀನು ತಪ್ಪು ಮಾಡಿಲ್ಲ."

ಅವರು ಹಾಗೆಯೇ ಮಾಡಿದರು. ಹೊರಗಿನ ಅಧಿಕಾರಿಗಳು ಬಂದು ವಿಚಾರಿಸಿದರು, ಮುಂದುವರಿಸುವಂಥದ್ದು ಏನೂ ಕಾಣಲಿಲ್ಲವೆಂದು ತಿಳಿಸಿದರು. ಒಬ್ಬ ವೃದ್ಧ ಮಗುವಿನ ಕೈಯನ್ನು ಅದು ಎಳೆದುಕೊಂಡಾಗಲೂ ಬಿಡಲಿಲ್ಲ ಎಂಬುದಕ್ಕಿಂತ ಹೆಚ್ಚಿನದು ಅಂದಿಗೂ ಇಂದಿಗೂ ಯಾರಿಗೂ ತಿಳಿದಿಲ್ಲ. ದೂರು ಕೊಟ್ಟವರ ಮೇಲೆ ಮುನಿಯಲು ಊರಿಗೆ ಅಷ್ಟೇ ಸಾಕಾಯಿತು. ಪ್ರಾರ್ಥನೆ ಮುಗಿಸಿ ಬರುವಾಗ ಜನ ಡಿಂಪ್ನಾ ಅವರಿಗೆ ಎದುರಾಗದಂತೆ ಸುತ್ತುಬಳಸಿ ನಡೆದರು. ಮದುವೆಮನೆಗಳಿಗೆ ಅವರ ಕನ್ಸರ್ಟೀನಾ ಬೇಡವಾಯಿತು. ತುರ್ತು ಸಭೆಯಲ್ಲಿ ಅವರು ಮುಂದಿಟ್ಟದ್ದು ಒಂದೇ ನಿಯಮ: ಹಾಡುವವರು ತಾವಾಗಿ ಚಾಚಿದರೆ ಮಾತ್ರ ಕೈ ಹಿಡಿಯಬೇಕು, ಎಳೆದುಕೊಂಡರೆ ಬಿಡಬೇಕು, ಚಾಚದಿದ್ದರೆ ಕಾರಣ ಕೇಳಬಾರದು.

ಕೋಲ್ಮನ್ ಎದ್ದು ನಿಂತರು. "ನಮ್ಮಜ್ಜ ಹಾಡುವಾಗ ಕೈ ಹಿಡಿದೋರು ಅಪ್ಪಣೆ ಕೇಳಿರ್ಲಿಲ್ಲ. ನಿಮ್ಮಮ್ಮನ ಗೋರಿ ಹತ್ರ ನಿನ್ನ ಕೈ ಹಿಡಿದಾಗ ನೀನೂ ಅಪ್ಪಣೆ ಕೇಳಿ ಅಂದಿರ್ಲಿಲ್ಲ."

"ಇಲ್ಲ ಕೋಲ್ಮನ್. ಅವತ್ತು ನಿಮ್ಮ ಕೈ ಇಲ್ದಿದ್ರೆ ನಾನು ಬಿದ್ದೋಗ್ತಿದ್ದೆ. ಅದನ್ನ ಸಾಯೋತನಕ ಮರೆಯಲ್ಲ," ಎಂದರು ಡಿಂಪ್ನಾ ಅವರು. "ಆದ್ರೆ ಬೇಡ ಅನ್ಸಿದ್ರೆ ನಾನು ಕೈ ಜೇಬಿಗೆ ಹಾಕ್ಕೋಬಹುದಿತ್ತು, ನಿಮ್ಮಜ್ಜನೂ ಹಾಕ್ಕೋಬಹುದಿತ್ತು. ನಾವು ದೊಡ್ಡೋರು."

ಮತಕ್ಕೆ ಹಾಕಿದಾಗ ನಿಯಮ ಒಂದೇ ಮತದಿಂದ ಗೆದ್ದಿತು. ಆ ಒಂದು ಮತ, ಕುತ್ತಿಗೆ ಕೆಂಪಾಗಿಸಿಕೊಂಡು ಯಾರ ಮುಖವನ್ನೂ ನೋಡದೆ ಕೈಯೆತ್ತಿದ ಮಾರ್ಟಿನ್ ಅವರದೆಂದು ಎಲ್ಲರೂ ಕಂಡರು.

ಮುಂದಿನ ತಿಂಗಳ ಹಾಡಿನ ಭಾನುವಾರ ಕೋಲ್ಮನ್ ಬಂದು ಎಂದಿನ ಜಾಗದಲ್ಲೇ ಕೂತರು. ಗ್ರಾನ್ಯಳ ತಾಯಿ ನಡುವಿನ ಕುರ್ಚಿಯಲ್ಲಿದ್ದರು. ಹುಡುಗಿ ಹಾಡುವಳೇ ಎಂದು ಸಭೆ ಅವಳತ್ತ ತಿರುಗಿತು. ಅವಳು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿಕೊಂಡು, ಕಣ್ಣು ತೆರೆದೇ, ಏಳೂ ನುಡಿಗಳನ್ನು ಹಾಡಿದಳು. ಚೆನ್ನಾಗಿ ಹಾಡಿದಳೆಂದು ಹೇಳಲಾಗದು. ನಾಲ್ಕನೆಯದರಲ್ಲಿ ಶ್ರುತಿ ಜಾರಿತು, ಕೊನೆಯದು ಓಡಿತು. ಬಾಗಿಲ ಬಳಿ ನಿಂತಿದ್ದ ಡಿಂಪ್ನಾ ಅವರಿಗೆ ತಾನು ಈ ಹಾಡಿನಿಂದ ಏನನ್ನೋ ಕಿತ್ತುಕೊಂಡೆನೇ ಎಂಬ ಭಯವೂ, ಅದು ಕೊನೆ ಮುಟ್ಟಿತೆಂಬ ಸಮಾಧಾನವೂ ಒಟ್ಟಿಗೇ ಬಂದವು. ಕೋಲ್ಮನ್ ಟೋಪಿ ತೆಗೆದುಕೊಂಡು ಹೊರನಡೆದರು; ಮತ್ತೆ ಬರಲಿಲ್ಲ. ಕೆಲವು ವರ್ಷಗಳ ಬಳಿಕ ಅವರು ತೀರಿಕೊಂಡಾಗ ಡಿಂಪ್ನಾ ಅವರು ಸಂತಾಪದ ಸಾಲಿನಲ್ಲಿ ಎಲ್ಲರಂತೆ ನಿಂತರು. ಬಂದವರೆಲ್ಲರ ಕೈ ಕುಲುಕುತ್ತಿದ್ದ ಕೋಲ್ಮನ್ ಅವರ ಮಗಳು ಡಿಂಪ್ನಾ ಅವರೊಬ್ಬರಿಗೆ ಮಾತ್ರ ಕೈ ಚಾಚಲಿಲ್ಲ. ಅವರು ತಲೆಬಾಗಿ ಮುಂದೆ ಸಾಗಿದರು, ಕಾರಣ ಕೇಳಲಿಲ್ಲ.

ಈಗ ನಮ್ಮ ಶಾಖೆಯಲ್ಲಿ ಹಾಡು ಕಲಿಸುವವಳು ಗ್ರಾನ್ಯ. ಹೊಣೆಯಿಂದ ಇಳಿಯುತ್ತಿದ್ದೇನೆಂದು ಡಿಂಪ್ನಾ ಅವರು ಸಾರಿದ ಸಂಜೆ ಅವಳು ಬಂದು, "ಮಿಸ್, ನನ್ನ ಕ್ಲಾಸಿಗೆ ಇನ್ನೊಬ್ರು ದೊಡ್ಡೋರು ಬೇಕು. ಹಾಡೋ ಹಾಗಿಲ್ಲ, ಸುಮ್ನೆ ಕೂರ್ಬೇಕು. ಆಗುತ್ತಾ?" ಎಂದಳು. "ಸುಮ್ನೆ ಕೂರೋದು ನನ್ನ ಜಾತಕದಲ್ಲಿಲ್ಲ, ಆದ್ರೂ ಬರ್ತೀನಿ," ಎಂದರು ಅವರು.

ಬರುತ್ತಲೇ ಇದ್ದಾರೆ. ಅಂದು ಕೈಯಷ್ಟೇ ಆಗಿತ್ತೇ ಎಂಬ ಪ್ರಶ್ನೆಯನ್ನು ಅವರು ಈವರೆಗೆ ಅವಳಿಗೆ ಕೇಳಿಲ್ಲ, ಅವಳೂ ಹೇಳಿಲ್ಲ. ಹೇಳಬೇಕೆನಿಸಿದ ದಿನ ಹೇಳಲು, ಎಂದೂ ಹೇಳದಿರಲು ಅವಳಿಗೆ ಹಕ್ಕಿದೆ ಎಂದು ಬಲ್ಲವರು ಅವರು. ಆ ದಿನ ಬಂದರೆ ಕೇಳಲು ಆ ಕುರ್ಚಿಯಲ್ಲಿ ಅವರೇ ಇರಲಿ. ಬಾರದಿದ್ದರೂ ಅವರೇ ಇರಲಿ. ಅದಕ್ಕೆ ಬೇಕಾದಷ್ಟು ಆಯುಸ್ಸು, ಅದಕ್ಕೆ ಬೇಕಾದಷ್ಟು ಆರೋಗ್ಯ ಅವರದಾಗಲಿ.