ಸುಮ್ಮನೆ ಕೂಡುವ ಪ್ರಾರ್ಥನೆ

ಜ್ವರ ಮೆದುಳಿಗೇರಿದಾಗ ನನ್ನ ಮಗಳಿನ್ನೂ ಚಿಕ್ಕವಳು, ಆಗಷ್ಟೇ ಮಾತು ಕೂಡಿಸಲು ಕಲಿತಿದ್ದಳು. ನನ್ನ ಗಂಡ ತಿಕೋಟಾದ ಸಾಲೆಯಲ್ಲಿ ಮಾಸ್ತರರು. ಊರಲ್ಲಿ ಕ್ರೈಸ್ತರ ಮನೆ ನಮ್ಮದೊಂದೇ. ವಿಜಾಪುರದ ದವಾಖಾನೆಯಿಂದ ಮಗಳನ್ನು ಜೀವಂತ ಮರಳಿ ತಂದೆವು, ಆದರೆ ಅವಳು ನನ್ನ ಗುರುತು ಹಿಡಿಯಲಿಲ್ಲ. ಕಣ್ಣು ತೆರೆದೇ ಇರುತ್ತಿದ್ದವು. ನೋಟ ನನ್ನ ಮುಖವನ್ನು ದಾಟಿ ಗೋಡೆಗೆ ಹೋಗುತ್ತಿತ್ತು. ಗಂಜಿಯನ್ನು ಬೆರಳಿನಿಂದ ಬಾಯೊಳಗೆ ಇಟ್ಟು, ಗಂಟಲು ಸವರಿ ಇಳಿಸಬೇಕಾಗಿತ್ತು.

ಬಾಯಿಗೆ ಬರುತ್ತಿದ್ದ ಪ್ರಾರ್ಥನೆಗಳನ್ನೆಲ್ಲ ಹೇಳಿದೆ, ಹರಕೆ ಹೊತ್ತೆ. ಪಕ್ಕದ ಮನೆಯ ಮುಸಲ್ಮಾನ ಅಕ್ಕ ದರ್ಗಾದಿಂದ ದಾರ ತಂದು ಮಗುವಿನ ತೋಳಿಗೆ ಕಟ್ಟಿದಳು. ಬೇಡ ಅನ್ನುವ ಶಕ್ತಿ ನಮಗಿರಲಿಲ್ಲ. ಭಾನುವಾರ ಮಗುವನ್ನು ಆ ಅಕ್ಕನ ಹತ್ತಿರ ಬಿಟ್ಟು, ಬಸ್ಸು ಹತ್ತಿ ವಿಜಾಪುರದ ಇಗರ್ಜಿಗೆ ಹೋಗುತ್ತಿದ್ದೆ. ಪೂಜೆ ಮುಗಿದು ಎಲ್ಲರೂ ಹೋದಮೇಲೆ ಒಬ್ಬಳೇ ಅಳುತ್ತ ಕೂತಿದ್ದಾಗ ಒಬ್ಬ ವಯಸ್ಸಾದ ಸಿಸ್ಟರ್ ಬಂದು ಪಕ್ಕದಲ್ಲಿ ಕೂತರು. ಕರಾವಳಿ ಕಡೆಯವರು, ಹುಡುಗಿಯರಿಗೆ ಹೊಲಿಗೆ ಕಲಿಸುತ್ತಿದ್ದರು. ಅವರ ಕನ್ನಡ ಪುಸ್ತಕ ಓದಿದ ಹಾಗಿರುತ್ತಿತ್ತು.

ಅಂದಿನಿಂದ ಪ್ರತಿ ಭಾನುವಾರ ಅವರೇ ನನಗೆ ಪ್ರಾರ್ಥನೆ ಕಲಿಸಿದರು. ಬಾಯಿಯ ಪ್ರಾರ್ಥನೆ ಹೊಸ್ತಿಲು ಮಾತ್ರ ಅನ್ನುತ್ತಿದ್ದರು. ಆಮೇಲೆ ಮನಸ್ಸಿನದು: ಸುವಾರ್ತೆಯಲ್ಲಿ ಬರುವ ಯೇಸುವಿನ ಬದುಕಿನ ಒಂದು ಪ್ರಸಂಗವನ್ನು ಹಿಡಿದು ಅದರೊಳಗೆ ಹೋಗಿ ನಿಲ್ಲುವುದು. ನಾನು ಪ್ರತಿ ಸಲವೂ ಸತ್ತ ಹುಡುಗಿಯನ್ನು ಯೇಸು ಕೈಹಿಡಿದು ಎಬ್ಬಿಸಿದ್ದನ್ನೇ ಹಿಡಿದೆ. ಆ ಹುಡುಗಿ ಕಣ್ಣು ಬಿಡುವಷ್ಟರಲ್ಲಿ ನಾನೂ ಕಣ್ಣು ಬಿಟ್ಟು ನನ್ನ ಮಗಳನ್ನು ನೋಡಿಬಿಡುತ್ತಿದ್ದೆ. ಅದು ಗೊತ್ತಾದ ಮೇಲೆ ಸಿಸ್ಟರ್, ಇನ್ನು ಚಿತ್ರವನ್ನೂ ಬಿಡು ಅಂದರು. ಮಾತು, ಚಿತ್ರ, ಬೇಡಿಕೆ ಎಲ್ಲವನ್ನೂ ಕೆಳಗಿಳಿಸಿ ದೇವರ ಮುಂದೆ ಬರಿದಾಗಿ ಕೂಡಬೇಕು, ಅಲ್ಲಿಂದ ಮುಂದಿನದು ನಾವು ಮಾಡುವುದಲ್ಲ, ನಮಗೆ ಆಗುವುದು ಅಂದರು.

“ಹಂಗಾದ್ರ ನನ್ನ ಮಗಳ ಸಂಬಂಧ ಏನೂ ಕೇಳಬಾರದೇನ್ರಿ?”

“ಕೇಳು ಮಗಳೇ. ಕೇಳಿ ಮುಗಿದ ಮೇಲೆಯೂ ಕೂತಿರು.”

ಗಂಡ ಸಾಲೆಗೆ ಹೋದ ಮೇಲೆ, ಮಧ್ಯಾಹ್ನ, ಮಗಳು ಮಲಗಿದ ಕೌದಿಯ ಪಕ್ಕದಲ್ಲಿ ಕೂಡತೊಡಗಿದೆ. ಅನೇಕ ವಾರ ಏನೂ ಆಗಲಿಲ್ಲ. ಒಂದು ದಿನ ಮಾತ್ರ ಎದೆಯೊಳಗಿನ ಗದ್ದಲ ತಾನಾಗಿ ನಿಂತಿತು. ಕೋಣೆಯಲ್ಲಿ ನಾವಿಬ್ಬರೇ ಇಲ್ಲ ಅನ್ನಿಸಿತು. ಹೆದರಿಕೆ ಆಗಲಿಲ್ಲ. ಮಗಳು ಕೆಮ್ಮಿದಾಗ ಎಚ್ಚೆತ್ತು ಅವಳನ್ನು ಎತ್ತಿಕೊಂಡೆ. ಈಗ ನೋಡುತ್ತಾಳೆ ಅಂದುಕೊಂಡೆ. ನೋಟ ಗೋಡೆಗೇ ಹೋಯಿತು. ಆದರೂ ಇದು ಗುಣವಾಗುವ ಮುನ್ಸೂಚನೆ ಎಂದು ನಂಬಿ ಭಾನುವಾರ ಸಿಸ್ಟರ್‌ಗೆ ಹೇಳಿದೆ. ಅವರು ಸಂತೋಷಪಡಲಿಲ್ಲ. ಪ್ರಾರ್ಥನೆಯಲ್ಲಿ ಸಿಗುವ ಸಿಹಿಯ ಬೆನ್ನು ಹತ್ತಬೇಡ, ಅದು ಹೋಗುತ್ತದೆ ಅಂದರು.

ಹೋಯಿತು, ಮತ್ತೆ ಬರಲಿಲ್ಲ. ಇದಕ್ಕೆ ಆತ್ಮದ ಇರುಳು ಅನ್ನುತ್ತಾರೆ ಎಂದು ಸಿಸ್ಟರ್ ವಿವರಿಸಿದರು. ತಾಯಿ ಮಗುವಿಗೆ ಹಾಲು ಬಿಡಿಸುವಂತೆ ದೇವರು ಸಾಂತ್ವನವನ್ನು ಹಿಂದೆಗೆದು ನಮ್ಮನ್ನು ಗಟ್ಟಿಯಾದ ಅನ್ನಕ್ಕೆ ಒಗ್ಗಿಸುತ್ತಾನಂತೆ. ನನಗೆ ಸಿಟ್ಟು ಬಂತು. “ನನ್ನ ಮಗಳು ಉಣ್ಣೂದ ಮರತಾಳ್ರಿ,” ಅಂದೆ.

ಒಂದು ಚಳಿಗಾಲ ಕಫ ಕಟ್ಟಿ ಮಗಳು ಹೋದಳು. ಲಾರಿಯೊಂದರಲ್ಲಿ ವಿಜಾಪುರಕ್ಕೆ ಒಯ್ದು ಮಣ್ಣು ಮಾಡಿದೆವು. ನನ್ನ ಗಂಡ ಸಾಲೆಯ ಕೋಟನ್ನೇ ಹಾಕಿಕೊಂಡು ಬಂದಿದ್ದರು, ಅದರ ತೋಳಿಗೆಲ್ಲ ಕೆಂಪು ಧೂಳು ಮೆತ್ತಿತ್ತು. ಅವರು ಸಮಾಧಿಯ ಕುಣಿ ತೋಡಿದವರ ಜೊತೆ ಮಾತಾಡುತ್ತಿದ್ದಾಗ ನಾನು ಸಿಸ್ಟರ್ ಕಲಿಸುತ್ತಿದ್ದ ಹೊಲಿಗೆಯ ಕೋಣೆಗೆ ಹೋದೆ. ನಾವು ಪ್ರಾರ್ಥಿಸುವಾಗ ಆ ಕಡೆ ಯಾರಾದರೂ ಇದ್ದಾರೋ ಇಲ್ಲವೋ, ಖರೆ ಹೇಳಬೇಕೆಂದು ಸಿಸ್ಟರನ್ನು ಕೇಳಿದೆ.

ಅವರು ಕೈಯಲ್ಲಿದ್ದ ಬಟ್ಟೆಯನ್ನು ಯಂತ್ರದ ಮೇಲಿಟ್ಟರು. ಆಮೇಲೆ, “ನನಗೆ ಗೊತ್ತಿಲ್ಲ,” ಅಂದರು. “ಈ ಊರಿಗೆ ಬಂದಾಗಿನಿಂದ ನನಗೆ ಒಂದು ಸಲವೂ ಏನೂ ಅನಿಸಿಲ್ಲ.”

“ಮತ್ತ ನನಗ್ಯಾಕ ಕಲಿಸಿದ್ರಿ?”

“ನನಗೆ ಬೇರೇನೂ ಬರುವುದಿಲ್ಲ ಮಗಳೇ.”

ಬಯ್ಯಬೇಕೆಂದುಕೊಂಡೆ, ಆಗಲಿಲ್ಲ. ಗಂಡ ಬಂದು ಕರೆಯುವವರೆಗೆ ಹೊಲಿಗೆ ಯಂತ್ರಗಳ ನಡುವೆ ಇಬ್ಬರೂ ಕೂತಿದ್ದೆವು.

ಮಾರನೆಯ ವರ್ಷ ಸಿಸ್ಟರನ್ನು ಕರಾವಳಿಯಲ್ಲಿ ವಯಸ್ಸಾದ ಸಿಸ್ಟರುಗಳಿರುವ ಮಠಕ್ಕೆ ಕಳಿಸಿದರು. ಅಲ್ಲಿಯೇ ತೀರಿಕೊಂಡರೆಂದು ಇಗರ್ಜಿಯಲ್ಲಿ ಪಾದ್ರಿಗಳು ಹೇಳಿ ಆತ್ಮಶಾಂತಿ ಕೋರಿದಾಗ ನಾನೂ ಎಲ್ಲರ ಜೊತೆ ಆಮೆನ್ ಅಂದೆ. ಕೊನೆಗಾದರೂ ಅವರಿಗೆ ಏನಾದರೂ ಅನಿಸಿತೇ ಎಂದು ಕೇಳುವುದಕ್ಕೆ ಯಾರೂ ಇರಲಿಲ್ಲ.

ಮಧ್ಯಾಹ್ನ ಕೂಡುವುದನ್ನು ಇನ್ನೂ ಕೆಲಕಾಲ ನಡೆಸಿದೆ. ನನ್ನ ಗಂಡ ಒಮ್ಮೆ ಬೇಗ ಬಂದು ಬಾಗಿಲಲ್ಲಿ ನಿಂತು ನೋಡಿದರು.

“ಏನರ ಸಿಗತೈತೇನು?” ಎಂದು ಮೆತ್ತಗೆ ಕೇಳಿದರು.

ಇಲ್ಲ ಅಂದೆ. ಅವರು ಕೋಟು ಬಿಚ್ಚಿ ಗೂಟಕ್ಕೆ ಹಾಕಿದರು, ನಾನೆದ್ದು ಚಹಾಕ್ಕಿಟ್ಟೆ. ಆಮೇಲೆ ಅವರು ಮತ್ತೆ ಕೇಳಲಿಲ್ಲ. ನಾನು ಯಾವಾಗ ಕೂಡುವುದನ್ನು ಬಿಟ್ಟೆನೋ, ನನಗೇ ನೆನಪಿಲ್ಲ.