ಬೀರುವಿನ ಗಂಟುಗಳು

ಆ ಭಾನುವಾರ ಕೆಂಗೇರಿಯ ಮನೆಯ ಹಾಲ್‌ನಲ್ಲಿ ಇದ್ದವರು ಮೂರೇ ಜನ. ದಿವಾನದ ಮೇಲೆ ಕಾಲು ಮಡಚಿ ಕೂತಿದ್ದ ಸರೋಜತ್ತೆ, ಅಂದರೆ ನಮ್ಮಪ್ಪನ ತಂಗಿ. ಕೆಳಗೆ ಚಾಪೆಯ ಮೇಲೆ ನಾನು. ಒಣಗಿದ ಬಟ್ಟೆ ತರುತ್ತಾ ಒಳಗೂ ಹೊರಗೂ ಓಡಾಡುತ್ತಿದ್ದ ಅತ್ತೆಯ ಸೊಸೆ ವೀಣಾ. ಅತ್ತೆಯ ಅಂಗೈಯಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬಟ್ಟೆಯ ಗಂಟೊಂದಿತ್ತು. ಅದರೊಳಗಿನ ಲಾವಂಚದ ಬೇರಿನ ವಾಸನೆ, ನೀರು ತುಂಬಿದ ಹೊಸ ಮಡಕೆಯ ಹಾಗೆ ತಣ್ಣಗೆ, ಬೇರೊಂದು ಘಾಟಿನ ನಡುವೆಯೂ ನಾನು ಕೂತಲ್ಲಿಗೆ ಬರುತ್ತಿತ್ತು. ಆ ವಾಸನೆ ಬಂದರೆ ನನಗೆ ಐವತ್ತೈದು ದಾಟಿದ್ದೇ ಮರೆತುಹೋಗುತ್ತದೆ. ರಾಜಾಜಿನಗರದ ಮನೆಯ ನಡುಕೋಣೆಯಲ್ಲಿ, ಬೀರುವಿನ ಬಾಗಿಲ ಹಿಂದೆ ಅವಿತು, ಅಜ್ಜಿಯ ಸೀರೆಗಳಿಗೆ ಮುಖ ಒತ್ತಿಕೊಂಡು ನಿಂತ ಹುಡುಗಿಯಾಗಿಬಿಡುತ್ತೇನೆ. ನಿಮ್ಮ ಮನೆಯಲ್ಲೂ ಅಂಥದ್ದೊಂದು ಬೀರು ಇದ್ದಿರಬೇಕು, ಬಾಗಿಲು ಪೂರ್ತಿ ತೆರೆಯುವ ಮೊದಲೇ ವಾಸನೆ ಎದುರು ಬಂದು ಮಾತಾಡಿಸುವಂಥದ್ದು.

ಯುಗಾದಿ ಕಳೆದು ದವನ ಮಾರುಕಟ್ಟೆಗೆ ಬರುವ ಹೊತ್ತಿಗೆ ಅಜ್ಜಿ ಬೀರು ಖಾಲಿ ಮಾಡಿಸುತ್ತಿದ್ದರು. ರೇಷ್ಮೆ ಸೀರೆಗಳು ಒಂದೊಂದಾಗಿ ಮಹಡಿಯ ನೆರಳಿಗೆ ಹೋಗುತ್ತಿದ್ದವು, ಬಿಸಿಲು ತಗುಲಿದರೆ ಬಣ್ಣ ಹೋಗುತ್ತದೆಂದು ಅಜ್ಜಿಗೆ ಎಲ್ಲಿಲ್ಲದ ಭಯ. ಬೇವಿನ ಸೊಪ್ಪು ಕುದಿಸಿದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ ಖಾನೆಗಳನ್ನು ಒರೆಸಿ, ಆರಿದ ಮೇಲೆ ಹೊಸ ಪೇಪರ್ ಹಾಸುವುದು ನನ್ನ ಕೆಲಸ. ಡ್ರಾಯರುಗಳಿಗೆ ಸೋಪಿನ ಖಾಲಿ ಕಾಗದ, ಊದುಬತ್ತಿಯ ಖಾಲಿ ಪೆಟ್ಟಿಗೆ, ಒಣಗಿದ ಸಂಪಿಗೆ ಸಾಕಿತ್ತು. ಬೀರುವಿಗೆ ಮಾತ್ರ ಗಂಟುಗಳೇ ಆಗಬೇಕು. ಅಜ್ಜನ ಹಳೆಯ ಪಂಚೆಯನ್ನು ಚೌಕವಾಗಿ ಹರಿದು, ಅದರೊಳಗೆ ಲಾವಂಚ, ನೆರಳಲ್ಲಿ ಒಣಗಿಸಿದ ದವನ, ಕಚೋರ, ಒಂದು ಚೂರು ಬಜೆ, ನಾಲ್ಕು ಲವಂಗ. ಎಷ್ಟೆಷ್ಟು ಅಂತ ಕೇಳಿದರೆ ಅಜ್ಜಿ, ಹಣೆಯ ವಿಭೂತಿ ಮುರಿಯುವಷ್ಟು ಹುಬ್ಬು ಏರಿಸಿ, ಮೂಗು ಇರೋದ್ಯಾಕೆ ಅನ್ನುತ್ತಿದ್ದರು. ಕಟ್ಟಿದ ಪ್ರತಿಯೊಂದು ಗಂಟನ್ನೂ ಆಗಿನ್ನೂ ಮದುವೆಯಾಗದ ಸರೋಜತ್ತೆಯ ಕೈಗೆ ಕೊಡುವರು. ಅತ್ತೆ ಕಣ್ಣು ಮುಚ್ಚಿ ಮೂಸಿ ಹೂಂ ಅಂದರೆ ಅದು ಬೀರುವಿಗೆ, ಇಲ್ಲವಾದರೆ ಬಿಚ್ಚಿ ಮತ್ತೆ ಮೊದಲಿಂದ. ಅತ್ತೆಯ ಮೂಗು ನಮ್ಮ ಬೀದಿಗೆಲ್ಲ ಪ್ರಸಿದ್ಧ. ಯಾರ ಮನೆಯ ಸಾರಿಗೆ ಇಂಗು ಬಿದ್ದಿಲ್ಲ ಅನ್ನುವುದನ್ನು ಜಗಲಿಯಲ್ಲಿ ಕೂತೇ ಹೇಳುತ್ತಿದ್ದರು. ಅಮ್ಮ ಒಮ್ಮೆ ತನ್ನ ಖಾನೆಯ ಮೂಲೆಯಲ್ಲಿ ಒಂದೇ ಒಂದು ನುಸಿಗುಳಿಗೆ ಮುಚ್ಚಿಟ್ಟಿದ್ದಕ್ಕೆ, ಕಾಲೇಜಿನಿಂದ ಬಂದ ಅತ್ತೆ ಚಪ್ಪಲಿ ಬಿಡುವ ಮೊದಲೇ, "ಅತ್ತಿಗೆ, ಮನೇನ ಆಸ್ಪತ್ರೆ ಮಾಡ್ಬಿಟ್ರಲ್ಲ" ಅಂದಿದ್ದರು. ಅಮ್ಮ ಮೂರು ದಿನ ಮಾತು ಬಿಟ್ಟಿದ್ದಳು.

ಈಗ ಆ ಮನೆಯಿಲ್ಲ. ಆ ಜಾಗದಲ್ಲಿ ನಾಲ್ಕು ಅಂತಸ್ತಿನ ಕಟ್ಟಡವಿದೆ, ನಾನು ಆ ರಸ್ತೆಯನ್ನೇ ತಪ್ಪಿಸಿ ಸುತ್ತಿಕೊಂಡು ಹೋಗುತ್ತೇನೆ. ಬೀರು ವಿಜಯನಗರದ ನನ್ನ ಮನೆಗೆ ಬಂತು, ಜೊತೆಗೆ ಆ ವಾಸನೆಯೂ ಬಂತು. ಅದು ಶಾಶ್ವತ ಅಂದುಕೊಂಡಿದ್ದು ನನ್ನ ದಡ್ಡತನ. ಒಂದು ದಿನ ಬಾಗಿಲು ತೆಗೆದರೆ ಬರಿ ಕಬ್ಬಿಣದ ವಾಸನೆ, ಹಳೆ ಪೇಪರಿನ ವಾಸನೆ. ಮಾರೇನಹಳ್ಳಿಯ ಗ್ರಂಧಿಗೆ ಅಂಗಡಿಯಿಂದ ಅದೇ ಬೇರು, ಅದೇ ದವನ ತಂದು ಕಟ್ಟಿದೆ. ಒಮ್ಮೆ ದೇವರಮನೆಯ ವಾಸನೆ ಬಂತು, ಒಮ್ಮೆ ಪುಳಿಯೋಗರೆಯದು. ಅಜ್ಜಿ ಒಂದು ಚೀಟಿಯಲ್ಲಾದರೂ ಬರೆದಿಡಬಾರದಿತ್ತೇ ಎಂದು ತೀರಿಕೊಂಡವರ ಮೇಲೆ ಸಿಟ್ಟು ಮಾಡಿಕೊಂಡೆ. ಉಳಿದಿದ್ದು ಸರೋಜತ್ತೆಯ ಮೂಗೊಂದೇ.

ಹಾಗಾಗಿ ಭಾನುವಾರ ಭಾನುವಾರ ಚೀಲದಲ್ಲಿ ಗಂಟು ಹಾಕಿಕೊಂಡು ಮೆಟ್ರೋ ಹತ್ತುತ್ತಿದ್ದೆ. ಪಕ್ಕದಲ್ಲಿ ಕೂತ ಹುಡುಗಿಯೊಬ್ಬಳು ಬೇರಿನ ವಾಸನೆ ಹಿಡಿದು, ಮಂಡಿನೋವಿಗಾ ಆಂಟಿ ಅಂತಲೂ ಕೇಳಿದ್ದುಂಟು. ಎಪ್ಪತ್ತು ದಾಟಿದ್ದರೂ ಅಡುಗೆ ಅತ್ತೆಯದೇ. ನನಗಾಗಿ ಶಾವಿಗೆ ಉಪ್ಪಿಟ್ಟು ಮಾಡಿಟ್ಟಿರುತ್ತಿದ್ದರು. ಮಗ ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು, ಆ ಅಡುಗೆಮನೆ ತನ್ನ ಕೈಯಲ್ಲಿದೆ ಅನ್ನುವುದೇ ಅತ್ತೆಗೆ ದೊಡ್ಡ ಬಲ. ಉಪ್ಪಿಟ್ಟು ತಿಂದಾದ ಮೇಲೆ ಗಂಟು ತೆಗೆದುಕೊಂಡು, ಹಳೆಯ ಹಾಗೆಯೇ ಕಣ್ಣು ಮುಚ್ಚಿ ಮೂಸಿ, ಇನ್ನೊಂಚೂರು ದವನ ಬೇಕು ಕಣೇ ಅನ್ನುವರು. ಮುಂದಿನ ವಾರ ದವನ ಹೆಚ್ಚಿಸಿದರೆ ಲವಂಗ ಕಮ್ಮಿ ಆಯ್ತು. ಲವಂಗ ಹಾಕಿದರೆ ಮತ್ತೆ ದವನ. ಆರು ವಾರ ಹೀಗೇ. ನನಗೆ ರೇಗಿಹೋಯಿತು. ಬೇಕೆಂದೇ ಸತಾಯಿಸುತ್ತಿದ್ದಾರೆ, ಅಜ್ಜಿಯ ಗುಟ್ಟು ಅಣ್ಣನ ಮಗಳಿಗೆ ಹೋಗುವುದು ಇಷ್ಟವಿಲ್ಲ ಅನ್ನಿಸಿಬಿಟ್ಟಿತು.

ಅದಕ್ಕೇ ಆ ಭಾನುವಾರದ ಗಂಟಿನೊಳಗೆ, ಲಾವಂಚದ ನಡುವೆ, ಎರಡು ನುಸಿಗುಳಿಗೆ ಪುಡಿ ಮಾಡಿ ಹಾಕಿದ್ದೆ. ಬೈಯಲಿ, ಅಮ್ಮನಿಗೆ ಅಂದಂತೆ ನನಗೂ ಒಂದು ಮಾತು ಅನ್ನಲಿ, ಜಗಳವಾದರೂ ಆಗಲಿ ಅಂತ.

ಅತ್ತೆ ಮೂಸಿದರು. ನಿಧಾನವಾಗಿ ತಲೆಯಾಡಿಸಿದರು. "ಈಗ ಹತ್ರ ಬಂತು ನೋಡು. ದವನ ಮಾತ್ರ ಒಂಚೂರು ಸಾಲದು."

ನಾನು ಅಲ್ಲಿಗೆ ಬಾಯಿ ಮುಚ್ಚಿಕೊಳ್ಳಬೇಕಿತ್ತು. ಅಷ್ಟೂ ವಾರದ ಸಿಟ್ಟು ಬಾಯಿಗೆ ಬಂತು. "ಅತ್ತೆ, ಅದರಲ್ಲಿರೋದು ನುಸಿಗುಳಿಗೆ. ನಿಮಗೆ ವಾಸನೆನೇ ಬರಲ್ವಾ?"

ಬಟ್ಟೆ ಮಡಚುತ್ತಿದ್ದ ವೀಣಾಳ ಕೈ ನಿಂತಿತು. ಆಗಲೇ ಅಂದ್ಕೊಂಡೆ, ಎಲ್ಲಿಂದ ಬರ್ತಿದೆ ಈ ಘಾಟು ಅಂತ, ಎಂದಳು. ಆಮೇಲೆ ಅತ್ತೆಯ ಮುಖ ನೋಡಿ, ಹೋದ ತಿಂಗಳು ಹಾಲು ಸೀದು ಪಾತ್ರೆ ಕರಕಲಾಗಿದ್ದನ್ನು ಮೆಲ್ಲಗೆ ನೆನಪಿಸಿದಳು. ನಿದ್ದೆ ಹತ್ತಿತ್ತು ಅಂದಿದ್ರಿ ಅಲ್ವಾ ಅತ್ತೆ, ಅಂದಳು.

ಸರೋಜತ್ತೆ ಗಂಟನ್ನು ಸೆರಗಿನ ತುದಿಯಿಂದ ಒರೆಸಿದರು, ಕೊಳೆಯಾಗಿದೆಯೇನೋ ಅನ್ನುವ ಹಾಗೆ. ವೀಣಾ ಒಳಗೆ ಹೋಗುವ ತನಕ ಕಾದು ನನ್ನತ್ತ ಬಗ್ಗಿದರು. "ಆ ಕೊರೊನಾ ಜ್ವರ ಬಂದು ಹೋದಾಗಿಂದ ಏನೂ ಬರಲ್ಲ ಕಣೇ. ಗೊತ್ತಾದ್ರೆ ಒಲೆ ಹತ್ರ ಬಿಡಲ್ಲ ಅಂತ ಸುಮ್ನಿದ್ದೆ. ನಾನೊಬ್ಬಳೇ ಇದ್ದಾಗ ಕೇಳಬಾರದಿತ್ತಾ?"

ಅಜ್ಜಿಯ ವಾಸನೆ ಹುಡುಕಿಕೊಂಡು ಹೋದವಳು, ಅದನ್ನು ನೆನಪಿಟ್ಟುಕೊಂಡಿದ್ದ ಕೊನೆಯ ಜೀವವನ್ನು ಪರೀಕ್ಷೆಗೆ ಕೂರಿಸಿ ಫೇಲು ಮಾಡಿ ಬಂದಿದ್ದೆ.

ವೀಣಾಳನ್ನು ದೂರುವಂತಿಲ್ಲ. ಇಡೀ ದಿನ ಮನೆಯಲ್ಲಿ ಅತ್ತೆ ಒಬ್ಬರೇ, ಗ್ಯಾಸ್ ಸೋರಿದರೆ ಗತಿಯೇನು ಅನ್ನುವುದು ನ್ಯಾಯವಾದ ಭಯ. ಮಾರನೆಯ ವಾರದಿಂದ ಅವಳು ಕೆಲಸಕ್ಕೆ ಹೊರಡುವ ಮೊದಲು ಸಿಲಿಂಡರಿನ ರೆಗ್ಯುಲೇಟರ್ ಬಿಚ್ಚಿ ಎತ್ತಿಡತೊಡಗಿದಳು. ಅನ್ನ ಸಾರು ಹಾಟ್‌ಬಾಕ್ಸಿನಲ್ಲಿ, ಟೀ ಫ್ಲಾಸ್ಕಿನಲ್ಲಿ. ನಾನು ಗಂಟು ಕಟ್ಟುವುದನ್ನು ಬಿಟ್ಟೆ, ಆದರೂ ಕೆಂಗೇರಿಗೆ ಹೋಗುವುದನ್ನು ಬಿಡಲಿಲ್ಲ. ಒಂದು ಬುಧವಾರ ಮಧ್ಯಾಹ್ನ ಹೋದಾಗ ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಅಭ್ಯಾಸದಂತೆ ಅಡುಗೆಮನೆಗೆ ಹೋಗಿ, ಹತ್ತದ ಒಲೆಯ ಮುಂದೆ ನಿಂತು, ಎರಡು ಲೋಟ ಹಿಡಿದು ವಾಪಸು ಬಂದರು. ಫ್ಲಾಸ್ಕಿನ ಟೀಯನ್ನು ನನಗೂ ಬಗ್ಗಿಸಿ ಕೊಟ್ಟು, ಸಕ್ಕರೆ ಸರಿಯಾಗಿದೆಯಾ ಎಂದು ಕೇಳಿದರು.